ಹುಬ್ಬು ಹೇಳಿದ ಹೌದು

ದೇವರು ಮನುಷ್ಯರಿಗೆ ಬಾಯಿ ಕೊಟ್ಟದ್ದು ಹಾಡುವುದಕ್ಕೋ, ಪ್ರಶ್ನೆ ಕೇಳುವುದಕ್ಕೋ ಎಂದು ಆ ಜುಲೈ ತಿಂಗಳಿಗೆ ಮುಂಚೆ ಯಾರಾದರೂ ನನ್ನನ್ನು ಕೇಳಿದ್ದರೆ, ಹಾಡುವುದಕ್ಕೇ ಎಂದು ಹೇಳಿ ನಾನು ಕೆಸುವಿನ ಗೆಡ್ಡೆ ಸುಲಿಯುವುದನ್ನು ಮುಂದುವರಿಸುತ್ತಿದ್ದೆ.

ನನ್ನ ತಮ್ಮನ ಮಗಳು ಸೆಫಿನಾ ಹಾಡುವವಳು. ಊರು ಬಿಟ್ಟು ವಲಸೆ ಬಂದ ನಾವೆಲ್ಲ ಸೇರುವ ಮಾಂಗೆರೆಯ ಚರ್ಚಿನ ಹಾಡಿನ ತಂಡದಲ್ಲಿ ಅವಳೊಬ್ಬಳು ಬಾರದಿದ್ದರೆ ಪಾದ್ರಿಗಳು ಎರಡು ಸಲ ಹಿಂತಿರುಗಿ ನೋಡುತ್ತಾರೆ. ಹಾಡು ಮುಗಿಯಿತೋ, ಬಾಯಿಯೂ ಮುಚ್ಚಿತು. ಸಮೋವಾದ ಸವಾಯಿ ದ್ವೀಪದ ನಮ್ಮೂರಿನಲ್ಲಿ ಅವಳ ಅಮ್ಮ ತೀರಿಕೊಂಡಾಗ ಅವಳಿಗೆ ಆರು ವರ್ಷ. ಅಲ್ಲಿಂದ ಬೆಳೆಸಿದವಳು ನಾನು. ‘ದೊಡ್ಡವರು ಕೊಟ್ಟದ್ದನ್ನ ಎರಡು ಕೈಯಲ್ಲಿ ತಗೋ, ಯಾಕೆ ಏನು ಅನ್ನಬೇಡ’ ಎಂದು ಕಲಿಸಿದವಳೂ ನಾನೇ. ಈಗ ಅವಳಿಗೆ ಮೂವತ್ತೆರಡು. ನಮ್ಮ ಸಮೋವಾ ಶಿಶುವಿಹಾರದಲ್ಲಿ ಟೀಚರು; ಇಪ್ಪತ್ತು ಮಕ್ಕಳನ್ನು ಒಂದೇ ಮಾತಿಗೆ ಚಾಪೆಯ ಮೇಲೆ ಕೂರಿಸುತ್ತಾಳೆ. ಆದರೆ ಬಿಳಿ ಕೋಟು ಹಾಕಿದವರ ಮುಂದೆ ಅವಳೇ ಚಾಪೆಯ ಮೇಲಿನ ಮಗು.

ಅವಳ ಹೊಟ್ಟೆಯೊಳಗಿನ ತೊಂದರೆಗೆ ಎಂಡೊಮೆಟ್ರಿಯೋಸಿಸ್ ಎಂದು ಹೆಸರು. ಗರ್ಭಕೋಶದ ಒಳಪೊರೆಯಂಥದ್ದು ಗರ್ಭಕೋಶದ ಹೊರಗೆ, ಇರಬಾರದ ಜಾಗದಲ್ಲೆಲ್ಲ ಬೆಳೆದು ಅಂಟಿಕೊಳ್ಳುತ್ತದಂತೆ. ಮುಟ್ಟಿನ ದಿನಗಳಲ್ಲಿ ಅದಕ್ಕೂ ಜೀವ ಬರುತ್ತದೆ. ಮೂರು ವರ್ಷದ ಕೆಳಗೆ ಬೇರೊಂದು ಕಡೆ ಒಮ್ಮೆ ಆಪರೇಷನ್ ಆಗಿತ್ತು. ಹೊಟ್ಟೆಯೊಳಗೆ ಕ್ಯಾಮೆರಾ ಇಟ್ಟು ನೋಡಿದ ಡಾಕ್ಟರು ಕೈಗೆ ಸಿಕ್ಕಷ್ಟು ತೆಗೆದು, ಕರುಳಿನ ಹತ್ತಿರ ಏನೋ ಇರುವ ಹಾಗಿದೆ, ಅದು ನನ್ನ ಕೆಲಸವಲ್ಲ ಎಂದು ಹೊಲಿದು ಕಳಿಸಿದ್ದರು. ಆರು ತಿಂಗಳು ಚೆನ್ನಾಗಿದ್ದಳು. ಆಮೇಲೆ ನೋವು ತನ್ನ ಮನೆಗೆ ತಾನೇ ಬಂದ ಹಾಗೆ ಬಂತು. ತಿಂಗಳಿಗೆ ನಾಲ್ಕು ದಿನ ಮಕ್ಕಳ ಪುಟ್ಟ ಕುರ್ಚಿಯ ಮೇಲೆ ಅವಳಿಗೆ ಕೂರಲಾಗುತ್ತಿರಲಿಲ್ಲ. ನಿಂತೇ ಕಥೆ ಹೇಳುತ್ತಿದ್ದಳು.

ಈ ಸಲದ ಆಪರೇಷನ್ನಿಗೆ ಹದಿನಾಲ್ಕು ತಿಂಗಳು ಕಾದಿದ್ದೆವು. ಅವಳ ಬೇಡಿಕೆ ಒಂದೇ. ಅವಳ ಗಂಡ ಇಯೋಪು ಊಟಕ್ಕೆ ಮುಂಚೆ ಪ್ರಾರ್ಥನೆ ಮಾಡುವಾಗಲೂ ಅದನ್ನೇ ಸೇರಿಸುತ್ತಿದ್ದ: ಅರ್ಧಕ್ಕೆ ಹೊಲಿದು ಕಳಿಸುವುದು ಬೇಡ, ಈ ಸಲ ಪೂರ್ತಿ ಆಗಲಿ, ಮತ್ತೊಂದು ಸಲ ಕೊಯ್ಯಿಸಿಕೊಳ್ಳುವ ಹಾಗೆ ಆಗದಿರಲಿ.

ಆಪರೇಷನ್ನಿಗೆ ಮೂರು ವಾರ ಇರುವಾಗ ಸ್ಕ್ಯಾನಿನ ವರದಿ ಅಂಚೆಯಲ್ಲಿ ಬಂತು. ಒಳಗಿನಿಂದ ನೋಡುವ ಸ್ಕ್ಯಾನ್ ಅದು. ಮಾಡಿದವಳು ಸ್ಕಾಟ್ಲೆಂಡಿನಿಂದ ಹೊಸದಾಗಿ ಬಂದಿದ್ದ ಹುಡುಗಿ, ಮೊರಾಗ್ ಎಂದು ಹೆಸರು. ಸ್ಕ್ಯಾನ್ ಮಾಡುವಾಗ ನಾನು ಹೊರಗೆ ಕಾರಿಡಾರಿನಲ್ಲಿ ಕೂತಿದ್ದೆ. ಈಗ ವರದಿಯನ್ನು ಓದಿ ಹೇಳಿದವಳು ಸೆಫಿನಾ.

“ಕರುಳಿನ ಮೇಲೆ ಏನೂ ಕಾಣಲಿಲ್ಲ ಅಂತ ಬರೆದಿದ್ದಾರೆ ಅತ್ತೆ. ಒತ್ತಿ ನೋಡಿದ ಕಡೆ ಎಲ್ಲೂ ನೋವಿಲ್ಲವಂತೆ.”

ನಾನು ಕೈಯಲ್ಲಿದ್ದ ಪಾತ್ರೆಯನ್ನು ಕೆಳಗಿಟ್ಟೆ. “ಸ್ತೋತ್ರ! ನೋಡಿದ್ಯಾ? ಹೆಂಗಸರ ಸಂಘದವರು ನಲವತ್ತು ದಿನ ಪ್ರಾರ್ಥನೆ ಮಾಡಿದ್ದು ಸುಮ್ನೆ ಹೋಯ್ತಾ? ಭಾನುವಾರ ಚರ್ಚಲ್ಲಿ ಎದ್ದು ನಿಂತು ದೇವರ ಉಪಕಾರಕ್ಕೆ ಸಾಕ್ಷಿ ಹೇಳ್ಬೇಕು ನೀನು.”

ಅವಳು ಕಾಗದವನ್ನು ಮಡಿಸಿ ಮತ್ತೆ ಬಿಡಿಸಿದಳು. “ಗುಣವಾಗಿದ್ರೆ ನಂಗೆ ಗೊತ್ತಾಗ್ತಿರ್ಲಿಲ್ವಾ ಅತ್ತೆ?”

ದೇವರಿಗೆ ಕೃತಜ್ಞತೆ ಹೇಳುವ ಅವಸರದಲ್ಲಿ ಎದುರಿಗಿದ್ದವಳ ಮುಖವನ್ನು ನಾನು ನೋಡಿರಲಿಲ್ಲ.

ಮರುದಿನ ಶನಿವಾರ. ಭಾನುವಾರದ ಊಟಕ್ಕೆ ಚರ್ಚಿನ ಅಡುಗೆಮನೆಯಲ್ಲಿ ಪಲುಸಾಮಿ ಮಾಡುವುದು ನಮ್ಮ ಪಾಳಿ. ಕೆಸುವಿನ ಎಲೆಯೊಳಗೆ ಗಟ್ಟಿ ತೆಂಗಿನ ಹಾಲು ಈರುಳ್ಳಿ ಇಟ್ಟು ಕಟ್ಟುವ ಕೆಲಸ. ಕೈ ಓಡಿದಷ್ಟೂ ಬಾಯಿಯೂ ಓಡುತ್ತದೆ. ಮತಲೇನಾ ತುರಿಮಣೆಯ ಮೇಲೆ ಕಾಲು ಚಾಚಿ ಕೂತು ಕಾಯಿ ತುರಿಯುತ್ತಿದ್ದಳು. ಅವಳಿಗೆ ಡಬ್ಬಿಯ ತೆಂಗಿನ ಹಾಲು ಕಂಡರಾಗದು. ಇಪ್ಪತ್ತೆರಡು ವರ್ಷ ಆಸ್ಪತ್ರೆಯೊಂದರ ಬಟ್ಟೆ ಒಗೆಯುವ ವಿಭಾಗದಲ್ಲಿ ದುಡಿದವಳು. ಹಾಗಾಗಿ ವೈದ್ಯಕೀಯವೆಲ್ಲ ತನಗೆ ಗೊತ್ತು ಎಂದು ಅವಳ ನಂಬಿಕೆ.

“ಬುಧವಾರ ದೊಡ್ಡ ಡಾಕ್ಟ್ರನ್ನ ನೋಡೋಕೆ ಹೋಗ್ತೀಯಲ್ಲ, ಏನು ಕೇಳ್ತೀಯ?” ಎಂದಳು ಸೆಫಿನಾಗೆ.

“ಏನು ಕೇಳೋದು ಆಂಟಿ? ಅವರು ಹೇಳ್ತಾರೆ. ಕೇಳಿಸ್ಕೊಂಡು ಬರ್ತೀನಿ.”

“ಅಯ್ಯೋ ಹೆಡ್ಡಿ! ಹೋದ ಸಲಾನೂ ಕೇಳಿಸ್ಕೊಂಡೇ ಬಂದಿದ್ದೆ. ಏನಾಯ್ತು? ಹೊಟ್ಟೆ ಮೇಲೆ ಮೂರು ತೂತು, ಒಳಗೆ ಅದೇ ನೋವು. ಮೀನು ಮಾರೋನ ಹತ್ರ ಹೋದ್ರೆ ಕಿವಿರು ಎತ್ತಿ ನೋಡ್ತೀಯ, ಕಣ್ಣು ನೋಡ್ತೀಯ, ಬೆಳಿಗ್ಗೇದಾ ನಿನ್ನೇದಾ ಅಂತ ಕೇಳ್ತೀಯ. ನಿನ್ನ ಹೊಟ್ಟೆ ಮೀನಿಗಿಂತ ಅಗ್ಗ ಆಯ್ತೇನೇ?”

“ಡಾಕ್ಟ್ರು ಮೀನು ಮಾರೋರಲ್ವಲ್ಲೇ ಮತಲೇನಾ,” ಎಂದೆ ನಾನು.

“ನೀನು ಸುಮ್ನಿರು ಫಿಲೋ. ಹುಡುಗೀನ ಹಿಂಗೆ ಮೂಗಿ ಮಾಡಿದ್ದೇ ನೀನು. ಏಳೇ ಸೆಫಿನಾ, ಕೈ ಒರೆಸ್ಕೋ. ಈಗ ನಾನು ಡಾಕ್ಟ್ರು. ಮಲಕ್ಕೋ ಆ ಬೆಂಚಿನ ಮೇಲೆ.”

ಪಾದ್ರಿಗಳು ಮರೆತು ಹೋಗಿದ್ದ ಕನ್ನಡಕವನ್ನು ಮೂಗಿಗೇರಿಸಿಕೊಂಡಳು. ಕೈಗೆ ಸೌಟು ಬಂತು. ಅದು ಸ್ಕ್ಯಾನಿನ ಕೋಲು. ದೊಡ್ಡ ಒಲೆಯ ಗಾಜಿನ ಬಾಗಿಲು ಟೀವಿ ಪರದೆ. ನಾವೆಲ್ಲ ಎಲೆ ಕಟ್ಟುವುದನ್ನು ಬಿಟ್ಟು ನೋಡುತ್ತಾ ಕೂತೆವು. ಮತಲೇನಾ ಸೌಟಿನ ಹಿಂಬದಿಯನ್ನು ಸೆಫಿನಾಳ ಹೊಟ್ಟೆಗೆ ಮೆಲ್ಲಗೆ ಒತ್ತಿ, ಕತ್ತನ್ನು ಪೂರ್ತಿ ಒಲೆಯ ಕಡೆ ತಿರುಗಿಸಿ, ಆಸ್ಪತ್ರೆಯ ರಾಗದಲ್ಲಿ ಕೇಳಿದಳು:

“ಇಲ್ಲಿ ನೋವಾಗುತ್ತೇನಮ್ಮಾ?”

ಸದ್ದಿಲ್ಲ.

“ನೋವಿಲ್ಲ, ಬರ್ಕೊಳ್ಳಿ. ಇಲ್ಲಿ?”

ಸದ್ದಿಲ್ಲ.

“ಇಲ್ಲೂ ಇಲ್ಲ. ಬಹಳ ಗಟ್ಟಿ ಹೊಟ್ಟೆ. ಇಲ್ಲಿ? ಇಲ್ಲ. ಏಳಮ್ಮ, ನಿಂಗೆ ಏನೂ ಕಾಯಿಲೆ ಇಲ್ಲ, ಗಂಡನಿಗೆ ಅಡುಗೆ ಮಾಡಿ ಹಾಕೋಗು.”

ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನು ನಗಲಿಲ್ಲ. ನಾನು ಕೂತಿದ್ದದ್ದು ಬೆಂಚಿನ ತಲೆಯ ಕಡೆ. ನನಗೆ ಸೆಫಿನಾಳ ಮುಖ ಕಾಣುತ್ತಿತ್ತು.

“ಮತಲೇನಾ, ಅವಳು ಮೂರು ಸಲಾನೂ ಹೌದು ಅಂದ್ಲಲ್ಲೇ.”

“ಯಾವಾಗಂದ್ಲು? ನಂಗೆ ಕಿವಿ ಕೇಳುತ್ತೆ.”

“ಹುಬ್ಬು ಹಾರಿಸಿದ್ಲಲ್ಲ!”

“ನಾನು ಒಲೆ ನೋಡ್ತಿದ್ನಲ್ಲೇ ಮಹಾರಾಯ್ತಿ…” ಎಂದವಳು ಅಲ್ಲಿಗೇ ನಿಲ್ಲಿಸಿದಳು. ಸೌಟು ಗಾಳಿಯಲ್ಲೇ ನಿಂತಿತು.

ನಮ್ಮ ಸಮೋವಾದವರು ಹೌದೆನ್ನಲು ಬಾಯಿ ತೆರೆಯುವುದಿಲ್ಲ. ಹುಬ್ಬು ಒಮ್ಮೆ ಮೇಲೆ ಹೋಗಿ ಕೆಳಗೆ ಬಂದರೆ ಮುಗಿಯಿತು. ಬಸ್ಸಿನಲ್ಲಿ ಅದೇ, ಅಂಗಡಿಯಲ್ಲಿ ಅದೇ. ನನ್ನ ಯಜಮಾನರು ದೀವಿಹಲಸಿನ ಮರದ ಕೆಳಗೆ ನಿಂತು ‘ನನ್ನನ್ನು ಮದುವೆ ಆಗ್ತೀಯಾ’ ಎಂದು ಕೇಳಿದಾಗ ನಾನು ಕೊಟ್ಟ ಉತ್ತರವೂ ಅದೇ. ಪುಣ್ಯಕ್ಕೆ ಅವರು ನನ್ನ ಮುಖವನ್ನೇ ನೋಡುತ್ತಿದ್ದರು.

ಸೆಫಿನಾ ಬೆಂಚಿನ ಮೇಲೆ ಎದ್ದು ಕೂತಳು. “ಆ ಸ್ಕಾಟ್ಲೆಂಡ್ ಹುಡುಗಿನೂ ಪರದೆಯನ್ನೇ ನೋಡ್ತಿದ್ಲು,” ಎಂದಳು ನಿಧಾನವಾಗಿ. “ಎಂಟೋ ಒಂಬತ್ತೋ ಸಲ ಕೇಳಿದ್ಲು. ಒಂದು ಕಡೆಯಂತೂ ನಂಗೆ ಕಣ್ಣಲ್ಲಿ ನೀರೇ ಬಂತು. ‘ಚೆನ್ನಾಗಿ ತಡ್ಕೊಳ್ತಿದ್ದೀರಿ’ ಅಂದ್ಲು. ನಾನು ಉತ್ತರ ಕೊಟ್ಟೆ ಅಂದ್ಕೊಂಡೆ.”

“ಕೊಟ್ಟಿದ್ದೀಯ ಕಣೇ,” ಎಂದಳು ಮತಲೇನಾ ಕನ್ನಡಕ ತೆಗೆಯುತ್ತಾ. “ಉತ್ತರ ಕೊಟ್ಟಿದ್ದೀಯ. ಅದನ್ನ ತಗೊಳ್ಳೋರು ಇರ್ಲಿಲ್ಲ ಅಷ್ಟೇ.”

ಆ ಮಧ್ಯಾಹ್ನ ಪಲುಸಾಮಿ ಒಲೆಗೆ ಹೋದದ್ದು ಎರಡು ಗಂಟೆ ತಡವಾಗಿ. ಸೆಫಿನಾ ಹಾಡಿನ ಹಾಳೆಯೊಂದನ್ನು ಮಗುಚಿ ಅದರ ಹಿಂಭಾಗದಲ್ಲಿ ಬರೆಯತೊಡಗಿದಳು. ಪ್ರಶ್ನೆಗಳು ಅವಳೊಳಗೆ ಮೊದಲೇ ಇದ್ದವು. ನಾವು ಬರೀ ಗಾಳಿ ಊದಿದೆವು. ಕರುಳಿನ ಮೇಲೆ ಇದ್ದರೆ ಅದನ್ನು ಯಾರು ತೆಗೆಯುತ್ತಾರೆ? ಅವರು ಆ ದಿನ ಅಲ್ಲೇ ಇರುತ್ತಾರಾ? ಕೆರೆದು ತೆಗೆಯುತ್ತಾರಾ, ಕರುಳನ್ನೇ ಕತ್ತರಿಸುತ್ತಾರಾ? ಮಲ ಹೋಗುವುದಕ್ಕೆ ಹೊಟ್ಟೆಗೆ ಚೀಲ ಹಾಕುವ ಹಾಗೆ ಆಗುತ್ತದಾ? ನನ್ನ ಅಂಡಾಶಯಗಳನ್ನು ನನ್ನನ್ನು ಕೇಳದೆ ತೆಗೆಯಬಹುದಾ? ಮಗುವಿನ ಆಸೆ ಇನ್ನೂ ಇದೆ ಎಂದು ಬರೆದವಳು ‘ಇನ್ನೂ’ ಎಂಬುದನ್ನು ಹೊಡೆದು ಹಾಕಿ ‘ಮಗುವಿನ ಆಸೆ ಇದೆ’ ಎಂದಷ್ಟೇ ಉಳಿಸಿದಳು.

“ತೆಗೆದದ್ದನ್ನ ಮನೆಗೆ ಕೊಡ್ತಾರಾ ಅಂತಾನೂ ಬರ್ಕೋ,” ಎಂದಳು ಮತಲೇನಾ.

“ಅದ್ಯಾಕೆ ಆಂಟಿ?”

“ನಾನು ನೋಡ್ಬೇಕು. ಇಷ್ಟು ವರ್ಷ ನಮ್ಮ ಹುಡುಗೀನ ಗೋಳು ಹುಯ್ಕೊಂಡ ಆ ಪಿಶಾಚಿ ನೋಡೋಕೆ ಹೆಂಗಿದೆ ಅಂತ.”

ನಕ್ಕರೂ ಸೆಫಿನಾ ಅದನ್ನು ಬರೆದುಕೊಂಡಳು.

ಬುಧವಾರ ಡಾಕ್ಟರ್ ರೆನ್ವಿಕ್ ಅವರ ಕೋಣೆಗೆ ನಾನೂ ಒಳಗೆ ಹೋದೆ. ಐವತ್ತರ ಹೆಂಗಸು, ಕತ್ತರಿಸಿದ ಬಿಳಿ ಕೂದಲು, ಕಾಲಿಗೆ ಓಟದ ಶೂ. ನನಗೂ ಕುರ್ಚಿ ಎಳೆದು ಕೊಟ್ಟರು. ಒಳ್ಳೆಯ ಮನುಷ್ಯರು. ಒಳ್ಳೆಯವರ ಎದುರು ಮಾತಾಡುವುದು ಇನ್ನೂ ಕಷ್ಟ.

“ಒಳ್ಳೆ ಸುದ್ದಿ ಸೆಫಿನಾ. ಸ್ಕ್ಯಾನಲ್ಲಿ ಕರುಳಿನ ಮೇಲೆ ಏನೂ ಕಂಡಿಲ್ಲ. ಹಾಗಾಗಿ ಕರುಳಿನ ಸರ್ಜನ್ ಬೇಕಾಗಲ್ಲ, ನಾನೊಬ್ಬಳೇ ಮಾಡ್ತೀನಿ. ಬರೋ ತಿಂಗಳು ಆರನೇ ತಾರೀಖು ಖಾಯಂ. ಏನಾದ್ರೂ ಕೇಳೋದಿದೆಯಾ?”

ಸೆಫಿನಾ ಹಾಳೆಯನ್ನು ತೊಡೆಯ ಮೇಲೆ ಬಿಡಿಸಿಟ್ಟುಕೊಂಡಳು. ನಾನು ಮನಸ್ಸಿನಲ್ಲೇ ಕರ್ತನೇ, ಕರ್ತನೇ ಎನ್ನುತ್ತಿದ್ದೆ.

“ಇದೆ,” ಎಂದಳು. ಧ್ವನಿ ಸಣ್ಣಗಿತ್ತು, ಆದರೆ ಇತ್ತು. “ನಂಗೆ ನೋವಿಲ್ಲ ಅಂತ ವರದಿಯಲ್ಲಿ ಬರೆದಿದ್ದಾರೆ. ನಾನು ಹಾಗೆ ಹೇಳ್ಲಿಲ್ಲ. ಹೌದು ಅಂತ ಹೇಳಿದ್ದೆ. ಆದ್ರೆ… ಹೀಗೆ ಹೇಳಿದ್ದೆ.”

ಅವಳು ಹುಬ್ಬನ್ನು ಎತ್ತಿ ಇಳಿಸಿದಳು.

ಡಾಕ್ಟರು ಅವಳನ್ನು ನೋಡಿದರು, ನನ್ನನ್ನು ನೋಡಿದರು. ನಾನೂ ಸಾಕ್ಷಿಗೆ ಒಂದು ಸಲ ಹುಬ್ಬು ಹಾರಿಸಿದೆ. ಅವರು ಕೈಯಿಂದ ಹಣೆ ಮುಚ್ಚಿಕೊಂಡರು. ಭುಜ ಅಲುಗುತ್ತಿತ್ತು, ನಗುತ್ತಿದ್ದಾರೆಂದು ಆಮೇಲೆ ತಿಳಿಯಿತು.

“ಇಪ್ಪತ್ತು ವರ್ಷದಿಂದ ಈ ಊರಲ್ಲಿ ಕೆಲಸ ಮಾಡ್ತಿದ್ದೀನಿ. ನನಗಿದು ಗೊತ್ತು. ಮೊರಾಗ್‌ಗೆ ಹೇಳ್ಬೇಕು ಅಂತ ನಮ್ಮಲ್ಲಿ ಯಾರಿಗೂ ಹೊಳೀಲಿಲ್ಲ ನೋಡಿ.” ಆಮೇಲೆ ನಗು ನಿಲ್ಲಿಸಿ ಕುರ್ಚಿಯನ್ನು ಹತ್ತಿರ ಎಳೆದುಕೊಂಡರು. “ಎಲ್ಲೆಲ್ಲಿ ಹೌದು ಅಂದಿದ್ರಿ? ತೋರಿಸಿ.”

ಅವಳು ತೋರಿಸಿದಳು, ಹೇಳಿದಳು. ಮುಟ್ಟಿನ ದಿನ ಕಕ್ಕಸಿಗೆ ಹೋಗುವಾಗ ಚಾಕುವಿನಿಂದ ಇರಿದ ಹಾಗೆ ಆಗುವುದನ್ನೂ ಹೇಳಿದಳು; ಅದನ್ನು ಅವಳು ನನಗೇ ಹೇಳಿರಲಿಲ್ಲ. ಡಾಕ್ಟರು ಬರೆದುಕೊಳ್ಳುತ್ತಾ ಹೋದರು.

“ನೋವಿರೋ ಜಾಗದಲ್ಲಿ ಸ್ಕ್ಯಾನ್ ಮಾಡೋರು ಇನ್ನಷ್ಟು ಹೊತ್ತು ನಿಂತು ಹುಡುಕ್ತಾರೆ,” ಎಂದರು. “ಇಲ್ಲ ಅಂದ್ರೆ ಮುಂದಕ್ಕೆ ಹೋಗ್ತಾರೆ. ಸಣ್ಣ ಗಂಟು ತಪ್ಪಿಸ್ಕೊಳ್ಳೋದು ಹಾಗೇನೆ. ಏನೂ ಕಾಣ್ಲಿಲ್ಲ ಅನ್ನೋದು ಬೇರೆ, ಏನೂ ಇಲ್ಲ ಅನ್ನೋದು ಬೇರೆ.”

“ಹಾಗಿದ್ರೆ ಆರನೇ ತಾರೀಖು ನೀವು ಹೊಟ್ಟೆ ತೆರೆದಾಗ ಕರುಳಿನ ಮೇಲೆ ಗಂಟು ಸಿಕ್ಕಿದ್ರೆ?”

ಡಾಕ್ಟರು ಸುತ್ತಿ ಬಳಸಿ ಹೇಳಲಿಲ್ಲ. “ನನ್ನ ಭಾಗ ಮಾಡಿ ಮುಚ್ತೀನಿ. ಅದಕ್ಕೆ ಇನ್ನೊಂದು ಸಲ ಬರಬೇಕಾಗುತ್ತೆ.”

“ಮತ್ತೆ ಸ್ಕ್ಯಾನ್ ಮಾಡಿದ್ರೆ?”

“ಈ ಕಾಯಿಲೆಗೆ ಅಂತಾನೇ ನೋಡೋ ಸ್ಕ್ಯಾನ್ ಇದೆ, ಪಳಗಿದ ಕೈ ಬೇಕು. ಜೊತೆಗೆ ಎಂಆರ್‌ಐ. ಎರಡಕ್ಕೂ ಸೇರಿ ನಾಲ್ಕು ವಾರದ ಸಾಲು. ಅಂದ್ರೆ ಆರನೇ ತಾರೀಖು ಬಿಡಬೇಕು. ಬಿಟ್ರೆ ಮತ್ತೆ ಯಾವಾಗ ಅಂತ ನಾನೀಗ ಮಾತು ಕೊಡಲಾರೆ. ಸ್ಕ್ಯಾನಲ್ಲಿ ಏನೂ ಸಿಗದೇನೂ ಇರಬಹುದು. ಅದನ್ನೂ ಯೋಚನೆ ಮಾಡಿ.”

ಹದಿನಾಲ್ಕು ತಿಂಗಳು ಕಾದು ಸಿಕ್ಕ ತಾರೀಖು. ದೊಡ್ಡವರು ಕೊಟ್ಟದ್ದನ್ನು ಎರಡು ಕೈಯಲ್ಲಿ ತೆಗೆದುಕೊಳ್ಳಬೇಕು. ‘ಇರಲಿ ಡಾಕ್ಟ್ರೇ, ಅದೇ ತಾರೀಖು ಇರಲಿ’ ಎಂಬ ಮಾತು ನನ್ನ ನಾಲಿಗೆಯ ತುದಿಯವರೆಗೆ ಬಂದಿತ್ತು. ಸೆಫಿನಾ ನನ್ನ ಕಡೆ ತಿರುಗಿದಳು. ಇಪ್ಪತ್ತಾರು ವರ್ಷದಿಂದ ಏನೇ ಬಂದರೂ ನನ್ನ ಮುಖ ನೋಡಿ ತೀರ್ಮಾನ ಮಾಡುತ್ತಿದ್ದವಳು. ನಾನು ಬಹಳ ಕಷ್ಟಪಟ್ಟು ಮುಖವನ್ನು ಖಾಲಿ ಇಟ್ಟುಕೊಂಡೆ. ಅಷ್ಟು ಕಷ್ಟದ ಪ್ರಾರ್ಥನೆ ನಾನು ಯಾವತ್ತೂ ಮಾಡಿಲ್ಲ.

“ಆ ತಾರೀಖು ಬೇರೆಯವರಿಗೆ ಕೊಡಿ ಡಾಕ್ಟ್ರೇ,” ಎಂದಳು ಸೆಫಿನಾ. “ಮೊದಲು ನೋಡೋಣ. ಆಮೇಲೆ ಕೊಯ್ಯೋಣ.”

ಉಳಿದ ಪ್ರಶ್ನೆಗಳನ್ನೂ ಒಂದೊಂದಾಗಿ ಕೇಳಿದಳು. ಮತಲೇನಾಳದ್ದು ಬಂದಾಗ ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಡಾಕ್ಟರು ಮಾತ್ರ ಗಂಭೀರವಾಗಿ, ಪರೀಕ್ಷೆ ಮುಗಿದ ಮೇಲೆ ಕೊಡಬಹುದು, ಒಪ್ಪಿಗೆ ಪತ್ರದಲ್ಲಿ ಅದಕ್ಕೊಂದು ಜಾಗವೇ ಇದೆ, ಬಹಳ ಜನ ಕೇಳುತ್ತಾರೆ ಎಂದರು. ಸುದ್ದಿ ತಿಳಿದ ಮೇಲೆ ಮತಲೇನಾಳನ್ನು ಹಿಡಿಯುವವರೇ ಇರಲಿಲ್ಲ. ನಾನು ಆಸ್ಪತ್ರೆ ನೋಡಿದವಳಮ್ಮಾ ಎಂದು ಒಂದು ವಾರ ಎದೆಯುಬ್ಬಿಸಿ ತಿರುಗಿದಳು.

ಆ ನಾಲ್ಕು ವಾರ ಉದ್ದವಾಗಿದ್ದವು. ಆರನೇ ತಾರೀಖು ಬಂತು, ಹೋಯಿತು. ಆ ದಿನ ಸೆಫಿನಾ ಎಂದಿನ ಹಾಗೆ ಶಿಶುವಿಹಾರಕ್ಕೆ ಹೋದಳು. ಬೇರೆ ಯಾರೋ ಹೆಣ್ಣುಮಗಳು ಅವಳ ಹಾಸಿಗೆಯಲ್ಲಿ ಮಲಗಿರುತ್ತಾಳಲ್ಲ, ಅವಳಿಗಾಗಿ ನಾನು ಮೊಣಕಾಲೂರಿದೆ. ಸುಳ್ಳೇಕೆ, ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು. ಅದಕ್ಕೂ ಕ್ಷಮೆ ಕೇಳಿ ಎದ್ದೆ. ಮಧ್ಯೆ ಮುಟ್ಟಿನ ನೋವು ಬಂದಾಗ ಇಯೋಪು ಬಿಸಿನೀರಿನ ಚೀಲ ತುಂಬಿ ತುಂಬಿ ಕೊಟ್ಟ. ಸ್ಕ್ಯಾನಿನಲ್ಲಿ ಏನೂ ಸಿಗದಿದ್ದರೆ ಎಂದು ಮೂವರೂ ಯೋಚಿಸುತ್ತಿದ್ದೆವು.

ಸ್ಕ್ಯಾನಿನ ದಿನ ಮುಂಚಿತವಾಗಿ ಕರುಳು ತೊಳೆಯುವ ಔಷಧ ತೆಗೆದುಕೊಳ್ಳಬೇಕಿತ್ತು. ಒಂದು ಗಂಟೆಯ ಮೊದಲು ಎಂದು ಬರೆದಿದ್ದರು. ಕಾರಿನಲ್ಲಿ ಸೆಫಿನಾ ಸೀಟಿನ ತುದಿಯಲ್ಲಿ ಕೂತು, “ಇಯೋಪು, ಕೆಂಪು ದೀಪ ಗೀಪ ಅಂತ ನಿಲ್ಲಿಸ್ಬೇಡ, ನನ್ನಾಣೆ!” ಎನ್ನುತ್ತಿದ್ದಳು. ಅವನು ಬಸ್ಸು ಓಡಿಸುವವನು, ಕಾನೂನಿನ ಮನುಷ್ಯ. ಪ್ರತಿ ದೀಪಕ್ಕೂ ನಿಲ್ಲಿಸಿದ, ಪ್ರತಿ ದೀಪಕ್ಕೂ ಬೈಸಿಕೊಂಡ.

ಕೋಣೆಯೊಳಗೆ ಇಬ್ಬರಿದ್ದರು. ಕೈಪಳಗಿದ ಹಿರಿಯ ಹೆಂಗಸೊಬ್ಬರು, ಪಕ್ಕದಲ್ಲಿ ಕೆಂಪು ಕೂದಲಿನ ಮೊರಾಗ್. ತಾನೇ ಕೇಳಿಕೊಂಡು ಬಂದಿದ್ದಳಂತೆ. ನಮ್ಮನ್ನು ಕಂಡೊಡನೆ ಅವಳ ಮುಖ ಕೂದಲಿನ ಬಣ್ಣಕ್ಕೆ ತಿರುಗಿತು.

“ಕ್ಷಮಿಸಿ ಸೆಫಿನಾ. ನಾನು ನಿಮ್ಮ ಮುಖ ನೋಡಬೇಕಿತ್ತು.”

“ನಾನೂ ಬಾಯಿ ತೆಗೀಬೇಕಿತ್ತು,” ಎಂದಳು ಸೆಫಿನಾ. “ಇವತ್ತು ಇಬ್ಬರೂ ಸೇರಿ ಸರಿಮಾಡೋಣ.”

ನನ್ನನ್ನು ತಲೆಯ ಕಡೆ ಕೂರಿಸಿದರು. ಹಿರಿಯಾಕೆ ಪರದೆ ನೋಡಿದರೆ ಮೊರಾಗ್ ಸೆಫಿನಾಳ ಮುಖವನ್ನೇ ನೋಡುತ್ತಾ ನಿಂತಳು. ಪ್ರಶ್ನೆಗಳು ಶುರುವಾದವು. ಮೊದಲ ‘ಹೌದು’ ಮೆಲ್ಲಗೆ ಬಂತು. ಎರಡನೆಯದು ಸ್ವಲ್ಪ ಜೋರಾಗಿ. ನಾಲ್ಕನೆಯದಂತೂ ಭಾನುವಾರದ ಹಾಡಿನ ಮೇಲುಸ್ವರದಲ್ಲಿ ಬಂತು; ಹೊರಗಿನ ಕಾರಿಡಾರಿನಿಂದ ಯಾರೋ ಬಾಗಿಲು ತಟ್ಟಿ “ಎಲ್ಲ ಸರಿಯಾಗಿದೆಯಾ?” ಎಂದು ಕೇಳಿದರು.

“ಸರಿಯಾಗಿದೆ, ಉತ್ತರ ಕೊಡ್ತಿದ್ದಾರೆ!” ಎಂದು ಮೊರಾಗ್ ಒಳಗಿನಿಂದಲೇ ಕೂಗಿದಳು.

ಹಿರಿಯಾಕೆ ಅದೇ ಜಾಗದಲ್ಲಿ ನಿಂತರು. ಕೈಯನ್ನು ಒಂದು ಕೂದಲೆಳೆಯಷ್ಟು ಆಚೆ, ಒಂದು ಕೂದಲೆಳೆಯಷ್ಟು ಈಚೆ ಆಡಿಸಿದರು. ಬಹಳ ಹೊತ್ತಾಯಿತು. ಆಮೇಲೆ ಪರದೆಯನ್ನು ನಮ್ಮ ಕಡೆ ತಿರುಗಿಸಿದರು.

“ಇದು ಗರ್ಭಕೋಶದ ಬೆನ್ನು. ಇದು ಕರುಳು. ನಾನು ಒತ್ತಿದಾಗ ಇವೆರಡೂ ಒಂದರ ಮೇಲೊಂದು ಜಾರಬೇಕು, ಒದ್ದೆ ಸೋಪಿನ ಹಾಗೆ. ನೋಡಿ, ಜಾರ್ತಿಲ್ಲ. ಅಂಟ್ಕೊಂಡಿದೆ. ಮತ್ತೆ ಇಲ್ಲಿ, ಈ ಕಪ್ಪಗೆ ಕಾಣ್ತಿದೆಯಲ್ಲ, ಕರುಳಿನ ಗೋಡೆಯಲ್ಲಿ, ಅದೇ ಗಂಟು. ಹದಿನೆಂಟು ಮಿಲಿಮೀಟರ್.”

ನನ್ನ ಕಣ್ಣಿಗೆ ಅದು ಮೋಡದೊಳಗಿನ ಮೋಡದ ಹಾಗೆ ಕಂಡಿತು. ಸೆಫಿನಾ ಮಾತ್ರ ತಲೆಯೆತ್ತಿ, ಬಹಳ ದಿನದಿಂದ ಹೆಸರು ಕೇಳಿದ್ದವರನ್ನು ಮೊದಲ ಸಲ ನೋಡುವ ಹಾಗೆ ನೋಡಿದಳು.

“ಇದೆ,” ಎಂದಳು. “ಅತ್ತೆ, ಇದೆ! ನಾನು ಸುಮ್ನೆ ಹೇಳ್ತಿರ್ಲಿಲ್ಲ!”

ನಾವಿಬ್ಬರೂ ತಬ್ಬಿಕೊಂಡು ಅತ್ತೆವು, ನಕ್ಕೆವು. ರೋಗ ಸಿಕ್ಕಿತೆಂದು ಇಷ್ಟು ಸಂತೋಷಪಟ್ಟವರನ್ನು ಆ ಕೋಣೆ ಕಂಡಿರಲಾರದು. ಮನೆಗೆ ಬಂದು ಹೇಳಿದಾಗ ಇಯೋಪು ಕುಣಿಯುವುದೊಂದು ಬಾಕಿ. ಮತಲೇನಾ ಹದಿನೆಂಟು ಮಿಲಿಮೀಟರ್ ಎಷ್ಟಾಗುತ್ತದೆ ಎಂದು ಹೊಲಿಗೆಯ ಅಳತೆ ಪಟ್ಟಿ ತಂದು ನೋಡಿ, “ಇಷ್ಟೇನಾ? ಇಷ್ಟಕ್ಕೇನಾ ಇಷ್ಟೊಂದು ಜಂಬ?” ಎಂದು ಗಂಟಿಗೇ ಬೈದಳು. ಆ ಭಾನುವಾರ ಚರ್ಚಿನಲ್ಲಿ ಎದ್ದು ನಿಂತು ಸಾಕ್ಷಿ ಹೇಳಿದವಳು ನಾನು. ಗುಣವಾಗಿದ್ದಕ್ಕಲ್ಲ. ಬೆಳಕು ಬಿದ್ದಿದ್ದಕ್ಕೆ.

ಮುಂದಿನ ವಾರ ಎಂಆರ್‌ಐಯೂ ಅದನ್ನೇ ಹೇಳಿತು. ಡಾಕ್ಟರ್ ರೆನ್ವಿಕ್ ಫೋನ್ ಮಾಡಿದರು. ಕರುಳಿನ ಸರ್ಜನ್ ಜೊತೆ ಕೂತು ಚಿತ್ರಗಳನ್ನು ನೋಡಿದ್ದರು. ಅಕ್ಟೋಬರ್ ಕೊನೆಗೆ ಇಬ್ಬರೂ ಸಿಗುವ ಒಂದು ದಿನ ಹೊಂದಿತ್ತು. ಅದಕ್ಕೆ ಒಂಬತ್ತು ವಾರ ಬಾಕಿ. ಸೆಫಿನಾ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ದೊಡ್ಡದಾಗಿ ಸುತ್ತು ಹಾಕಿ, ಆ ಒಂಬತ್ತು ವಾರವನ್ನು ಹಿಂದಿನ ನಾಲ್ಕು ವಾರಕ್ಕಿಂತ ಹಗುರವಾಗಿ ಕಳೆದಳು.

ಆ ದಿನ ಬೆಳಿಗ್ಗೆ ಏಳಕ್ಕೆ ಅವಳು ಆಸ್ಪತ್ರೆಯ ಗೌನು ತೊಟ್ಟು, ಕೂದಲನ್ನು ಕಾಗದದ ಟೋಪಿಯೊಳಗೆ ತುರುಕಿಕೊಂಡು ಹಾಸಿಗೆಯ ಮೇಲೆ ಕೂತಿದ್ದಳು. ಡಾಕ್ಟರ್ ರೆನ್ವಿಕ್ ಬಂದರು. ಅವರ ಹಿಂದೆ ಆರಡಿ ಎತ್ತರದ ಕರುಳಿನ ಸರ್ಜನ್, ಡಾಕ್ಟರ್ ಪಾರಾಟಾ. ಒಪ್ಪಿಗೆ ಪತ್ರ ಕೈಗೆ ಬಂತು. ಎರಡು ಅಂಡಾಶಯಗಳೂ ಉಳಿಯಬೇಕು, ಜೀವಕ್ಕೆ ಅಪಾಯವಿದ್ದರೆ ಹೊರತು ಎಂದು ಡಾಕ್ಟರ್ ರೆನ್ವಿಕ್ ಅದರಲ್ಲಿ ಮೊದಲೇ ತಮ್ಮ ಕೈಯಾರೆ ಬರೆದಿದ್ದರು. ಸೆಫಿನಾ ಪೆನ್ನು ತೆಗೆದುಕೊಂಡಳು, ಆದರೆ ಸಹಿ ಹಾಕಲಿಲ್ಲ.

“ಇವತ್ತು ನೀವು ಏನು ಮಾಡ್ತೀರ, ಒಬ್ಬೊಬ್ಬರಾಗಿ ನಂಗೆ ಹೇಳಿ,” ಎಂದಳು.

ಡಾಕ್ಟರುಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಡಾಕ್ಟರ್ ರೆನ್ವಿಕ್ ತಾವು ಅಂಟುಗಳನ್ನು ಬಿಡಿಸುವುದು, ಚಿತ್ರಗಳಲ್ಲಿ ಕಂಡಿದ್ದ ಎಡಗಡೆಯ ಅಂಡಾಶಯದ ಗುಳ್ಳೆಯನ್ನು ತೆಗೆದು ಅಂಡಾಶಯ ಉಳಿಸುವುದು ಎಲ್ಲವನ್ನೂ ಹೇಳಿದರು. “ಚೆನ್ನಾಗಿ ಹೇಳಿದ್ರಿ,” ಎಂದಳು ಸೆಫಿನಾ. ಆಮೇಲೆ ಡಾಕ್ಟರ್ ಪಾರಾಟಾ ಕಡೆ ತಿರುಗಿದಳು. ಅಷ್ಟೆತ್ತರದ ಮನುಷ್ಯ ಕೈ ಹಿಂದೆ ಕಟ್ಟಿಕೊಂಡು ಪಾಠ ಒಪ್ಪಿಸತೊಡಗಿದರು. ಗಂಟನ್ನು ಕರುಳಿನ ಮೇಲಿಂದ ಕೆರೆದು ತೆಗೆಯುವ ಪ್ರಯತ್ನ ಮೊದಲು. ಆಳಕ್ಕೆ ಹೋಗಿದ್ದರೆ ಕರುಳಿನ ಗೋಡೆಯನ್ನು ಬಿಲ್ಲೆಯಷ್ಟು ಕತ್ತರಿಸಿ ಹೊಲಿಯುವುದು.

“ಚೀಲದ ವಿಷಯ ಬಿಟ್ರಿ,” ಎಂದಳು.

“ಹೌದಲ್ಲ. ಚೀಲ ಬೇಕಾಗೋ ಸಾಧ್ಯತೆ ಬಹಳ ಕಡಿಮೆ. ಬೇಕಾದ್ರೂ ಕೆಲವು ತಿಂಗಳ ಮಟ್ಟಿಗೆ.”

“ಅರ್ಧಕ್ಕೆ ಮುಚ್ಚಿ ಬರೋದು?”

“ಗೊತ್ತಿರೋದನ್ನೆಲ್ಲ ತೆಗೆಯೋಕೆ ನಾವಿಬ್ಬರೂ ಇಲ್ಲೇ ಇದ್ದೀವಿ,” ಎಂದರು ಡಾಕ್ಟರ್ ರೆನ್ವಿಕ್. “ಕಾಯಿಲೆ ಮತ್ತೆ ಬರಲ್ಲ ಅಂತ ಮಾತು ಕೊಡೋಕಾಗಲ್ಲ ಸೆಫಿನಾ. ಇವತ್ತಿನ ಕೆಲಸ ಇವತ್ತೇ ಮುಗಿಸ್ತೀವಿ ಅಂತ ಕೊಡಬಲ್ಲೆ.”

ಸೆಫಿನಾ ಸಹಿ ಹಾಕಿದಳು. ತೆಗೆದದ್ದನ್ನು ಮನೆಗೆ ಕೊಡಿ ಎಂಬ ಮತಲೇನಾಳ ಚೌಕದಲ್ಲೂ ಒಂದು ಗುರುತು ಹಾಕಿದಳು.

ಅವಳ ತಲೆಯ ಮೇಲೆ ಕೈಯಿಟ್ಟು ಹೇಳಬೇಕೆಂದು ನಾನು ಒಂದು ಉದ್ದನೆಯ ಪ್ರಾರ್ಥನೆಯನ್ನು ಸಿದ್ಧಮಾಡಿಕೊಂಡಿದ್ದೆ. ಅಷ್ಟರಲ್ಲಿ ಅರಿವಳಿಕೆ ಕೊಡುವ ಯುವಕ ಬಂದು ಗಾಲಿ ಹಾಸಿಗೆಯ ತಡೆಯನ್ನು ಬಿಡಿಸಿದ. ನಾನು ಪಕ್ಕದಲ್ಲೇ ನಡೆದೆ, ಇಯೋಪು ಇನ್ನೊಂದು ಪಕ್ಕದಲ್ಲಿ. ಆಪರೇಷನ್ ಕೋಣೆಗಳ ಬಾಗಿಲಿನ ಮುಂದೆ ನೆಲದ ಮೇಲಿನ ಕೆಂಪು ಗೆರೆಯ ಹತ್ತಿರ ನಮ್ಮನ್ನು ನಿಲ್ಲಿಸಿದರು. ಅವಳು ಕೈ ಬೀಸಿದಳು. ಆಮೇಲೆ ಆ ಯುವಕನ ಕಡೆ ತಲೆ ತಿರುಗಿಸಿದಳು.

“ನಿಮ್ಮನ್ನ ನಾನು ಇನ್ನೂ ಏನೂ ಕೇಳೇ ಇಲ್ವಲ್ಲ. ನಿಮ್ಮ ಹೆಸರೇನು? ಎಷ್ಟು ವರ್ಷದಿಂದ ಈ ಕೆಲಸ ಮಾಡ್ತಿದ್ದೀರ? ಎದ್ದ ಮೇಲೆ ವಾಂತಿ ಬಂದ್ರೆ ಏನು ಕೊಡ್ತೀರ?”

ಎರಡು ಬಾಗಿಲುಗಳೂ ಕೂಡಿಕೊಳ್ಳುವ ತನಕ ಅವಳ ಧ್ವನಿ ನಮಗೆ ಕೇಳಿಸುತ್ತಲೇ ಇತ್ತು. ನನ್ನ ಉದ್ದನೆಯ ಪ್ರಾರ್ಥನೆ ಬಾಯಲ್ಲೇ ಉಳಿದಿತ್ತು. ಅದನ್ನು ಆ ಯುವಕನಿಗಾಗಿ ಹೇಳಿ ಮುಗಿಸಿದೆ.